ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ: ಮನೆಯ ಕಂಪ್ಯೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೊಂದರೆ ಹುಡುಕಿದ ಬಗೆ

ಜೂನ್ ಮೂರನೇ ವಾರ, ಮಳೆ ಹಿಡಿದು ಮೂರನೇ ದಿನ, ಅಕ್ಕನ ಫೋನು ಬಂತು. "ತಮಾ, ಯನ್ನ ಸ್ಕ್ರೀನು ಮತ್ತೆ ಹೋತು. ಕೂಸು ಒಳಗೆ ಬಂದ್ರೆ ಆನು ಹೊರಗೆ, ಆನು ಒಳಗೆ ಹೋದ್ರೆ ಕೂಸು ಹೊರಗೆ. ಪುಟ ನಾಳೆ ಕೊಡವು."

ಅಕ್ಕನ ಮನೆ ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ, ತೋಟದ ಮೇಲಿನ ದಿಬ್ಬದಲ್ಲಿ. ಫೈಬರ್ ಬಂದು ಮುಟ್ಟಿದ್ದು ಮೆತ್ತಿನ, ಅಂದರೆ ಮಹಡಿಯ, ಕೋಣೆಗೆ. ಮಳೆಗಾಲದಲ್ಲಿ ಥಂಡಿ ಹಿಡಿಯದ ಜಾಗವೂ ಅದೊಂದೇ. ಹಾಗಾಗಿ ಮನೆಯ ಒಳ್ಳೆಯ ಕಂಪ್ಯೂಟರ್ ಅಲ್ಲೇ ಕೂತಿದೆ: ವಿಂಡೋಸ್ 11 ಪ್ರೊ, 16 ಜಿಬಿ ಮೆಮೊರಿ, ಎಸ್‌ಎಸ್‌ಡಿ. ಅಕ್ಕ ಪೇಟೆಯ ಮುದ್ರಣಾಲಯವೊಂದಕ್ಕೆ ಪುಟ ಕಟ್ಟಿಕೊಡುತ್ತಾಳೆ. ಮಂಡಿ ನೋವು, ದಿನಕ್ಕೆ ಹತ್ತು ಸಲ ಮೆತ್ತು ಹತ್ತಲಾರಳು. ಜಗಲಿ ಪಕ್ಕದ ಕೋಣೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮೇಲಿನ ಯಂತ್ರವನ್ನು ನಡೆಸುತ್ತಾಳೆ. ಕೂಸು ಎಂದದ್ದು ಮಗಳನ್ನು; ಅವಳು ಕಾರವಾರದಲ್ಲಿ ಓದುವವಳು, ರಜೆಗೆ ಬಂದಿದ್ದಳು. ಅವಳ ಪ್ರಾಜೆಕ್ಟಿನ ಲೆಕ್ಕಾಚಾರಕ್ಕೂ ಅದೇ ಯಂತ್ರ ಬೇಕು. ರಾತ್ರಿ ಊಟವಾದ ಮೇಲೆ ಭಾವ ಚಾಲಿ, ಕೆಂಪಡಿಕೆಯ ಲೆಕ್ಕ ಬರೆಯುವುದೂ ಅದರಲ್ಲೇ. ಯಂತ್ರ ಒಂದು, ಬೇಕಾದವರು ಮೂವರು.

ಹಳ್ಳಿ ಮನೆಗಳಲ್ಲಿ ಇಂಥ ಏರ್ಪಾಡು ಈಗ ಬಹಳ ಕಡೆ ಇದೆ. ಹಾಗಾಗಿ ನಾನು ಹುಡುಕಿದ ಕ್ರಮವನ್ನೇ ಬರೆಯುತ್ತಿದ್ದೇನೆ.

ದೂರನ್ನು ಬಿಡಿಸಿ ಕೇಳುವುದು

"ಇಬ್ಬರಿಗೆ ಬರ್ತಾ ಇಲ್ಲ" ಎನ್ನುವ ಒಂದು ಮಾತಿನ ಒಳಗೆ ನಾಲ್ಕು ಬೇರೆ ಬೇರೆ ತೊಂದರೆ ಅಡಗಿರುತ್ತವೆ. ಯಾರಿಗೂ ಸಂಪರ್ಕವೇ ಸಿಗದಿರುವುದು ಒಂದು. ಒಬ್ಬರಿಗೆ ಸಿಕ್ಕಿ, ಎರಡನೆಯವರು ಬಂದಾಗ ಮೊದಲಿನವರು ಬೀಳುವುದು ಎರಡು. ಇಬ್ಬರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗಿ ಒಬ್ಬರ ಪರದೆಯನ್ನು ಇನ್ನೊಬ್ಬರು ಕಸಿದುಕೊಳ್ಳುವುದು ಮೂರು. ನಿನ್ನೆಯವರೆಗೆ ಇಬ್ಬರಿಗೂ ಬರುತ್ತಿದ್ದದ್ದು ಇವತ್ತು ನಿಂತುಹೋಗಿರುವುದು ನಾಲ್ಕು. ಪರಿಹಾರ ಒಂದೊಂದಕ್ಕೂ ಬೇರೆ. ಕೇಳದೇ ಕೈ ಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ.

ಫೋನಿನಲ್ಲೇ ಅಕ್ಕನಿಗೆ ಮೂರು ಪ್ರಶ್ನೆ ಹಾಕಿದೆ. ಪರದೆಯಲ್ಲಿ ಏನು ಬರೆದಿತ್ತು? ನೀನು, ಮಗಳು ಬೇರೆ ಬೇರೆ ಹೆಸರಲ್ಲಿ ಹೋಗ್ತೀರಾ? ಮೊದಲು ಯಾವತ್ತಾದರೂ ಇಬ್ಬರಿಗೂ ಒಟ್ಟಿಗೆ ಬಂದಿತ್ತಾ?

ಮೂರನೆಯದಕ್ಕೆ ಸಿಕ್ಕ ಉತ್ತರ ದಾರಿ ತೋರಿಸಿತು. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರು "ಏನೋ ಹಾಕಿಕೊಟ್ಟಿದ್ದರು", ಅಲ್ಲಿಂದ ಇಬ್ಬರಿಗೂ ಬರುತ್ತಿತ್ತು, ಕಳೆದ ವಾರದಿಂದ ಇಲ್ಲ. ಅಂದರೆ ಇದು ನಾಲ್ಕನೆಯ ಬಗೆ. ಅದರ ಅಡಿಯಲ್ಲಿ ಎರಡನೆಯದು ಮಲಗಿದೆ. ಹಾಕಿಕೊಟ್ಟದ್ದು ಏನು ಎಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಮಾರನೇ ದಿನದ ಮೊದಲ ಬಸ್ಸಿಗೆ ಹೋದೆ. ನಾನು ಮುಟ್ಟುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಈಗ ಇಬ್ಬರಲ್ಲಿ ಒಬ್ಬರಿಗೂ ಸಂಪರ್ಕ ಇಲ್ಲ.

ಮೆತ್ತಿನ ಮೇಲಿನ ತಪಾಸಣೆ

ಮೊದಲು ಯಂತ್ರದ ಎದುರೇ ಕೂರಬೇಕು. ದೂರದಿಂದ ದುರಸ್ತಿ ಮಾಡಲು ಹೋದರೆ ನೀವು ಕೂತ ಕೊಂಬೆಯನ್ನು ನೀವೇ ಕಡಿದಂತೆ.

ವಿಂಡೋಸ್ ಯಾವ ಆವೃತ್ತಿ ಎಂದು ಸೆಟ್ಟಿಂಗ್ಸ್‌ನ ಸಿಸ್ಟಮ್ ಪುಟದ ಕೊನೆಯಲ್ಲಿರುವ 'ಅಬೌಟ್' ಹೇಳುತ್ತದೆ. ಹೋಮ್ ಆವೃತ್ತಿಯಾಗಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಬಹುದು. ಹೋಮ್‌ನಿಂದ ಬೇರೆ ಯಂತ್ರಕ್ಕೆ ಹೋಗಬಹುದು, ಹೋಮ್‌ಗೆ ಬೇರೆಯವರು ಬರಲಾಗದು. ಪ್ರೊ, ಎಜುಕೇಶನ್, ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಮಾತ್ರ ಬರುವವರನ್ನು ಬರಮಾಡಿಕೊಳ್ಳುವ ಭಾಗ ಇರುತ್ತದೆ. ಅಕ್ಕನ ಮನೆಯದು ಪ್ರೊ. ರಿಮೋಟ್ ಡೆಸ್ಕ್‌ಟಾಪ್ ಗುಂಡಿಯೂ ಆನ್ ಇತ್ತು.

ಎರಡನೆಯದು ಬಾಗಿಲು. ರಿಮೋಟ್ ಡೆಸ್ಕ್‌ಟಾಪ್ 3389ನೇ ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕಿನ ಆ ಸಂಖ್ಯೆಯ ಬಾಗಿಲಲ್ಲಿ, ಕಿವಿಗೊಟ್ಟು ಕಾಯುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್ ಆದೇಶವನ್ನು -an ಸೇರಿಸಿ (netstat -an) ಕೊಟ್ಟು 3389ರ ಸಾಲಿನಲ್ಲಿ 'ಲಿಸನಿಂಗ್' ಎಂಬ ಪದ ಇದೆಯೇ ನೋಡಬೇಕು. ಇದ್ದರೆ ಯಂತ್ರ ಸಿದ್ಧವಿದೆ, ತೊಂದರೆ ಫೈರ್‌ವಾಲ್ ಅಥವಾ ನೆಟ್‌ವರ್ಕಿನಲ್ಲಿದೆ. ಇಲ್ಲದಿದ್ದರೆ ಒಳಗಿನ ಸೇವೆಯೇ ಮಲಗಿದೆ. ನಮ್ಮಲ್ಲಿ ಆ ಸಾಲೇ ಇರಲಿಲ್ಲ. ಸರ್ವಿಸಸ್ ಪಟ್ಟಿಯಲ್ಲಿ 'ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್' ನಿಂತಿತ್ತು; ಸ್ಟಾರ್ಟ್ ಒತ್ತಿದರೆ ಫೈಲ್ ಸಿಗುತ್ತಿಲ್ಲ ಎಂಬ ದೂರು.

ಯಾವ ಫೈಲು? ಈ ಸೇವೆ ನಡೆಸುವ ಮೂಲ ಫೈಲಿನ ಹೆಸರು ಟರ್ಮ್‌ಎಸ್‌ಆರ್‌ವಿ ಡಿಎಲ್‌ಎಲ್ (termsrv.dll). ಅದು ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿರುತ್ತದೆ. ಸೇವೆಗೆ ಅದರ ವಿಳಾಸ ಹೇಳುವುದು ರಿಜಿಸ್ಟ್ರಿ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡತ: ಲೋಕಲ್ ಮಷೀನ್ ಕವಲಿನ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್, ಟರ್ಮ್‌ಸರ್ವಿಸ್, ಅದರೊಳಗೆ ಪ್ಯಾರಾಮೀಟರ್ಸ್. ಅಲ್ಲಿ 'ಸರ್ವಿಸ್ ಡಿಎಲ್‌ಎಲ್' ಎಂಬ ನಮೂದು ಸಿಸ್ಟಮ್32ರ ಆ ಫೈಲನ್ನೇ ತೋರಿಸಬೇಕು. ಅಕ್ಕನ ಯಂತ್ರದಲ್ಲಿ ಅದು ಪ್ರೋಗ್ರಾಂ ಫೈಲ್ಸ್ ಒಳಗಿನ ಬೇರೊಂದು ಫೋಲ್ಡರನ್ನು ತೋರಿಸುತ್ತಿತ್ತು. ಆ ಫೋಲ್ಡರಿಗೆ ಹೋಗಿ ನೋಡಿದರೆ ಫೈಲು ಮಾಯ. ಆ್ಯಂಟಿವೈರಸ್ಸಿನ ಪ್ರತ್ಯೇಕ ಕೋಣೆಯಲ್ಲಿ (ಅನುಮಾನದ ಫೈಲುಗಳನ್ನು ಕೂಡಿಡುವ ಕ್ವಾರಂಟೈನ್) ಅದರ ಹೆಸರು, ಹಿಂದಿನ ರಾತ್ರಿಯ ಸಮಯದೊಂದಿಗೆ ಸಿಕ್ಕಿತು.

ಇಷ್ಟಕ್ಕೆ ಕಥೆ ಬಿಚ್ಚಿಕೊಂಡಿತು. ಹಾಕಿಕೊಟ್ಟಿದ್ದು ಒಂದು 'ರಾಪರ್', ಮೂಲ ಸೇವೆಯ ಮೇಲೆ ಹೊದಿಸುವ ಹೊದಿಕೆ. ಇಂಥ ಉಪಕರಣಗಳು ಮೂಲ ಫೈಲನ್ನು ಬದಲಿಸುವುದಿಲ್ಲ. ಸೇವೆ ಶುರುವಾಗುವಾಗ ನಡುವೆ ನಿಂತು, ಮೆಮೊರಿಯಲ್ಲಿ ಕೆಲವು ಜಾಗಗಳನ್ನು ತಿದ್ದಿ 'ಒಬ್ಬರೇ' ಎಂಬ ನಿಯಮವನ್ನು ಸಡಿಲಿಸುತ್ತವೆ. ತಿದ್ದಬೇಕಾದ ಜಾಗ ಮೂಲ ಫೈಲಿನ ಪ್ರತಿ ಆವೃತ್ತಿಗೂ ಬೇರೆ. ಆ ಜಾಗಗಳ ಪಟ್ಟಿ ಒಂದು ಸೆಟ್ಟಿಂಗ್ ಫೈಲಿನಲ್ಲಿರುತ್ತದೆ. ವಿಂಡೋಸ್‌ನ ಭದ್ರತಾ ಅಪ್‌ಡೇಟ್ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತದೆ. ಅದರಲ್ಲಿ ಟರ್ಮ್‌ಎಸ್‌ಆರ್‌ವಿ ಬದಲಾದರೆ ಪಟ್ಟಿ ಹಳತಾಗುತ್ತದೆ, ಹೊದಿಕೆ ಕೆಲಸ ಬಿಡುತ್ತದೆ, ಯಂತ್ರ ತನ್ನ ಮೂಲ ನಿಯಮಕ್ಕೆ ಮರಳುತ್ತದೆ. ಕಳೆದ ವಾರ ಅಕ್ಕನಿಗೂ ಮಗಳಿಗೂ ಆದದ್ದು ಅದು. ಆಮೇಲೆ ಆ್ಯಂಟಿವೈರಸ್ ಆ ಹೊದಿಕೆಯನ್ನು ಅನುಮಾನಿಸಿ ಎತ್ತಿಟ್ಟಿತು. ರಿಜಿಸ್ಟ್ರಿ ಮಾತ್ರ ಇನ್ನೂ ಅದನ್ನೇ ಹುಡುಕುತ್ತಿತ್ತು. ಇಬ್ಬರಿಗೂ ಬಾಗಿಲು ಮುಚ್ಚಿದ್ದು ಹಾಗೆ.

ಮೊದಲ ವಾರದ ತೊಂದರೆ ಅದೇ ಎಂದು ಖಾತ್ರಿ ಮಾಡಿಕೊಳ್ಳಲು ಲಾಗ್, ಅಂದರೆ ಯಂತ್ರ ತಾನಾಗಿ ಬರೆದಿಡುವ ದಿನಚರಿ, ನೋಡಿದೆ. ಬಹಳ ಜನ ಇದನ್ನು ತೆರೆಯುವುದೇ ಇಲ್ಲ, ಆದರೆ ಉತ್ತರ ಇರುವುದೇ ಇಲ್ಲಿ. ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಟರ್ಮಿನಲ್ ಸರ್ವಿಸಸ್ ಲೋಕಲ್ ಸೆಷನ್ ಮ್ಯಾನೇಜರ್, ಆಪರೇಷನಲ್ ಎಂದು ಒಳಗಿಳಿಯಬೇಕು. ಅಲ್ಲಿ ಪ್ರತಿ ಘಟನೆಯ ಬಗೆಗೂ ಒಂದು ಸಂಖ್ಯೆ. 21 ಎಂದರೆ ಹೊಸ ಲಾಗಿನ್. 23 ಎಂದರೆ ಸೈನ್ ಔಟ್. 24 ಎಂದರೆ ಸಂಪರ್ಕ ಕಡಿದಿದೆ, ಸೆಷನ್ (ಅವರು ತೆರೆದಿಟ್ಟ ಕೆಲಸವೆಲ್ಲ) ಮಾತ್ರ ಒಳಗೆ ಬದುಕಿದೆ. 25 ಎಂದರೆ ಹಳೇ ಸೆಷನ್ನಿಗೇ ಮರಳಿ ಬಂದದ್ದು. 40ರಲ್ಲಿ ಕಡಿದ ಕಾರಣದ ಸಂಖ್ಯೆ ಇರುತ್ತದೆ; ಅದು 5 ಆಗಿದ್ದರೆ ಇನ್ನೊಂದು ಸಂಪರ್ಕ ಬಂದು ಇದರ ಜಾಗ ಹಿಡಿದಿದೆ ಎಂದರ್ಥ. ಅಕ್ಕನ ಹೆಸರಿನ 24, ಅದರ ಬೆನ್ನಿಗೇ 5ರ ಕಾರಣ, ಕೆಲವೇ ಸೆಕೆಂಡಿನ ಅಂತರದಲ್ಲಿ ಮಗಳ ಹೆಸರಿನ 25. ಇಂಥ ಜೋಡಿಗಳು ಒಂದೇ ಮಧ್ಯಾಹ್ನದಲ್ಲಿ ಏಳೆಂಟು ಇದ್ದವು. ತಾಯಿ ಮಗಳು ಪಾಪ, ಮಧ್ಯಾಹ್ನವಿಡೀ ಒಬ್ಬರನ್ನೊಬ್ಬರು ತಳ್ಳಾಡಿದ್ದರು.

ಆ 24 ನೋಡಿದಾಗ ಅಕ್ಕನಿಗೆ ಧೈರ್ಯ ಹೇಳುವಂತಾಯಿತು. ಪರದೆ ಹೋದಾಗಲೆಲ್ಲ ಕಟ್ಟಿದ ಪುಟವೂ ಹೋಯಿತೆಂದು ಅವಳು ಮೊದಲಿಂದ ಶುರು ಮಾಡುತ್ತಿದ್ದಳು. ಪುಟ ಹೋಗಿರಲಿಲ್ಲ. ಮತ್ತೆ ಲಾಗಿನ್ ಆಗಿದ್ದರೆ ತೆರೆದ ಫೈಲು ತೆರೆದಂತೆಯೇ ಸಿಗುತ್ತಿತ್ತು. ಕರೆಂಟು ಹೋಗಿ ಯಂತ್ರ ಆರಿದರೆ ಮಾತ್ರ ಉಳಿಸದ ಕೆಲಸ ಹೋಗುತ್ತದೆ.

ಇನ್ನೊಂದು ಚಿಕ್ಕ ಆದೇಶ ಕಲಿತಿಟ್ಟುಕೊಳ್ಳಿ. ಕಮಾಂಡ್ ಪ್ರಾಂಪ್ಟಿನಲ್ಲಿ ಕ್ಯೂ ಅಕ್ಷರದ ಮುಂದೆ ಯೂಸರ್ ಎಂಬ ಪದವನ್ನು ಅಂಟಿಸಿ (quser) ಬರೆದರೆ ಯಾರು ಒಳಗಿದ್ದಾರೆ, ಯಾರ ಸೆಷನ್ ಚಾಲ್ತಿಯಲ್ಲಿದೆ, ಯಾರದ್ದು ಕಡಿದು ನಿಂತಿದೆ ಎಂಬ ಪಟ್ಟಿ ಬರುತ್ತದೆ. ಒಂದೇ ಹೆಸರನ್ನು ಇಬ್ಬರು ಬಳಸುವ ಮೂರನೆಯ ಬಗೆಯ ತೊಂದರೆ ಇದರಲ್ಲಿ ಕೂಡಲೇ ಕಾಣುತ್ತದೆ: ಜನ ಇಬ್ಬರು, ಸಾಲು ಒಂದೇ.

ಬೇಲಿ ಯಾರು ಹಾಕಿದ್ದು

ಪ್ರೊ ಆವೃತ್ತಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡಬಹುದು. ಯಂತ್ರದ ಎದುರೇ ಕೂತವರೂ ಆ ಲೆಕ್ಕಕ್ಕೆ ಸೇರುತ್ತಾರೆ. ಎರಡನೆಯವರು ಬಂದಾಗ "ಇನ್ನೊಬ್ಬರು ಒಳಗಿದ್ದಾರೆ, ಮುಂದುವರಿದರೆ ಅವರ ಸಂಪರ್ಕ ಕಡಿಯುತ್ತದೆ" ಎಂದು ಕೇಳುತ್ತದೆ. ಒಳಗಿದ್ದವರು ಉತ್ತರ ಕೊಡದೇ ಸ್ವಲ್ಪ ಹೊತ್ತು ಕಳೆದರೆ ಒಪ್ಪಿಗೆ ಎಂದೇ ತಿಳಿಯುತ್ತದೆ. ಯಂತ್ರಕ್ಕೆ ಶಕ್ತಿ ಸಾಲದೇ ಹೀಗೆ ಮಾಡಿದ್ದಲ್ಲ. ಇದು ಪರವಾನಗಿಯ ಷರತ್ತು. ಯಂತ್ರದ ನಿಯಮಗಳನ್ನು ತಿದ್ದುವ ಗ್ರೂಪ್ ಪಾಲಿಸಿಯಲ್ಲಿ ಸಂಪರ್ಕಗಳ ಸಂಖ್ಯೆ ಹೆಚ್ಚಿಸುವ ಸಾಲು ಕಾಣುತ್ತದೆ. ಅದನ್ನು ಹತ್ತಕ್ಕೆ ಏರಿಸಿದರೂ ಪ್ರೊನಲ್ಲಿ ಎರಡನೆಯವರು ನಿಲ್ಲುವುದಿಲ್ಲ. ಆ ಸಾಲು ಅರ್ಥ ಪಡೆಯುವುದು ಕಚೇರಿಗಳು ಬಳಸುವ ವಿಂಡೋಸ್ ಸರ್ವರ್ ಆವೃತ್ತಿಯಲ್ಲಿ.

ಸರ್ವರ್‌ನಲ್ಲಿ ಆಡಳಿತದ ಕೆಲಸಕ್ಕೆಂದು ಇಬ್ಬರು ಒಟ್ಟಿಗೆ ಬರಬಹುದು. ನಿಜವಾದ ಬಳಕೆದಾರರು ಬರಬೇಕಾದರೆ ಸೆಷನ್ ಹೋಸ್ಟ್ ಎಂಬ ಪಾತ್ರ ಸೇರಿಸಿ, ತಲೆಗೊಂದರಂತೆ ಅಥವಾ ಸಾಧನಕ್ಕೊಂದರಂತೆ ಪ್ರವೇಶ ಪರವಾನಗಿ ಕೊಳ್ಳಬೇಕು. ಕೊಳ್ಳದೇ 120 ದಿನ ನಡೆಯುತ್ತದೆ, 121ನೇ ದಿನ ಬಾಗಿಲು ಹಾಕಿಕೊಳ್ಳುತ್ತದೆ. ನಾಲ್ಕು ತಿಂಗಳು ಚೆನ್ನಾಗಿ ನಡೆದು ಒಂದು ಬೆಳಿಗ್ಗೆ ಯಾರಿಗೂ ಬರಲಿಲ್ಲ ಎನ್ನುವ ದೂರು ಬಂದರೆ ಮೊದಲು ಎಣಿಸಬೇಕಾದದ್ದು ಈ ದಿನಗಳನ್ನು. ಕಚೇರಿಗೆ ಇದು ಸರಿ. ಮೂವರಿರುವ ಮನೆಗೆ ಅಷ್ಟು ಖರ್ಚು ನನಗೆ ಸರಿ ಕಾಣಲಿಲ್ಲ.

ಹೊಸ ಪಟ್ಟಿ ಹುಡುಕಿ ರಾಪರನ್ನೇ ಮತ್ತೆ ಎಬ್ಬಿಸೋಣವೇ ಎಂದು ಭಾವ ಕೇಳಿದರು. ನಾನು ಬೇಡ ಅಂದೆ. ಪರವಾನಗಿಯ ಮಾತು ಒಂದು ಕಡೆ. ಇನ್ನೊಂದು ಕಡೆ, ಅದನ್ನು ಉಳಿಸಿಕೊಳ್ಳಲು ಜನ ಭದ್ರತಾ ಅಪ್‌ಡೇಟ್ ನಿಲ್ಲಿಸುತ್ತಾರೆ, ಆ್ಯಂಟಿವೈರಸ್ಸಿಗೆ ಆ ಫೋಲ್ಡರ್ ನೋಡಬೇಡ ಎನ್ನುತ್ತಾರೆ, ಗುರುತಿಲ್ಲದವರು ಇಟ್ಟ ಫೈಲನ್ನು ಯಂತ್ರದ ಬಾಗಿಲು ಕಾಯುವ ಸೇವೆಯೊಳಗೇ ಕೂರಿಸುತ್ತಾರೆ. ಅಕ್ಕನ ದುಡಿಮೆ, ಮನೆಯ ಅಡಿಕೆ ಲೆಕ್ಕ ಎರಡೂ ಇರುವ ಯಂತ್ರದಲ್ಲಿ ನಾನು ಅದನ್ನು ಮಾಡಲಾರೆ.

ತೆಗೆಯುವ ಕೆಲಸ ಹೀಗಾಯಿತು. ಮೊದಲು ರಿಜಿಸ್ಟ್ರಿಯ ಆ ಕವಲಿನ ಒಂದು ನಕಲನ್ನು ಫೈಲಾಗಿ ಉಳಿಸಿಕೊಂಡೆ. ಸರ್ವಿಸ್ ಡಿಎಲ್‌ಎಲ್ ನಮೂದನ್ನು ಸಿಸ್ಟಮ್32ರ ಮೂಲ ಫೈಲಿಗೆ ತಿರುಗಿಸಿದೆ. ಉಳಿದ ಫೋಲ್ಡರ್ ಅಳಿಸಿದೆ. ಯಾರಾದರೂ ಮೂಲ ಫೈಲನ್ನೇ ಕುಯ್ದಿರಬಹುದೇ ಎಂಬ ಅನುಮಾನಕ್ಕೆ ಸಿಸ್ಟಮ್ ಫೈಲ್ ಚೆಕರ್ ಓಡಿಸಿದೆ. ಎಲ್ಲವೂ ಸರಿ ಇದೆ ಎಂದಿತು. ರಿಸ್ಟಾರ್ಟ್ ಆದ ಮೇಲೆ 3389 ಮತ್ತೆ ಕಾಯತೊಡಗಿತು. ಅಕ್ಕ ಒಳಗೆ ಹೋದಳು. ಬಾಕಿ ಇದ್ದ ಪುಟ ಅವತ್ತೇ ಮುಗಿಯಿತು.

ಇನ್ನಿಬ್ಬರಿಗೆ ದಾರಿ

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಅವರಿಗೆ ಬೇಕಾದದ್ದು ಡೆಸ್ಕ್‌ಟಾಪೋ, ಅದರೊಳಗಿನ ಫೈಲೋ? ಎಷ್ಟೋ ಮನೆಗಳಲ್ಲಿ ಫೋಲ್ಡರ್ ಹಂಚಿದರೆ ಸಾಕಾಗುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ, ಮಗಳ ಲೆಕ್ಕಾಚಾರಕ್ಕೆ ಅವಳ ಲ್ಯಾಪ್‌ಟಾಪಿನ 4 ಜಿಬಿ ಸಾಲುತ್ತಿರಲಿಲ್ಲ. ಆದರೆ ಅವಳ ಕೆಲಸಕ್ಕೂ ಭಾವನ ಲೆಕ್ಕಕ್ಕೂ ವಿಂಡೋಸೇ ಆಗಬೇಕೆಂದೇನಿಲ್ಲ. ವಿಂಡೋಸ್ ಬೇಕಾದದ್ದು ಅಕ್ಕನ ಪುಟ ಕಟ್ಟುವ ಕೆಲಸಕ್ಕೆ ಮಾತ್ರ.

ಪ್ರೊ ಆವೃತ್ತಿಯಲ್ಲಿ ಹೈಪರ್‌ವಿ ಇದೆ. ಯಂತ್ರದೊಳಗೆ ಇನ್ನೊಂದು ಯಂತ್ರ ಕಟ್ಟಬಹುದು. ಅದರಲ್ಲಿ ಉಬುಂಟು 24.04 ಎಂಬ ಲಿನಕ್ಸ್, ಮೇಲೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಬಾಗಿಲಿಗೆ ರಿಮೋಟ್ ಡೆಸ್ಕ್‌ಟಾಪಿನವರನ್ನು ಬರಮಾಡಿಕೊಳ್ಳುವ ಎಕ್ಸ್‌ಆರ್‌ಡಿಪಿ. ಲಿನಕ್ಸ್‌ನಲ್ಲಿ ಒಟ್ಟಿಗೆ ಎಷ್ಟು ಜನ ಬರಬಹುದು ಎಂಬುದಕ್ಕೆ ಪರವಾನಗಿಯ ತಡೆ ಇಲ್ಲ, ಮೆಮೊರಿಯ ತಡೆ ಅಷ್ಟೇ. ಕೆಳಗಿನ ಲ್ಯಾಪ್‌ಟಾಪಿನವರಿಗೆ ಹೊಸದೇನೂ ಕಲಿಯಬೇಕಿಲ್ಲ, ಅದೇ ರಿಮೋಟ್ ಡೆಸ್ಕ್‌ಟಾಪ್ ಕಿಟಕಿ, ವಿಳಾಸ ಮಾತ್ರ ಬೇರೆ. ಅಕ್ಕ ವಿಂಡೋಸ್‌ಗೆ, ಮಗಳು ಮತ್ತು ಭಾವ ಲಿನಕ್ಸ್‌ಗೆ. ಬ್ರೌಸರ್ ತೆರೆದು ಕೂರುವ ಒಬ್ಬೊಬ್ಬರಿಗೆ 2 ಜಿಬಿ ಎಂದು ಲೆಕ್ಕ ಹಿಡಿದು, ಮಗಳ ಕೆಲಸಕ್ಕೆ ಇನ್ನಷ್ಟು ಸೇರಿಸಿ ಒಳಗಿನ ಯಂತ್ರಕ್ಕೆ 7 ಜಿಬಿ ಕೊಟ್ಟೆ.

ಕಟ್ಟುವಾಗ ಎರಡು ಕಡೆ ಎಡವುವುದು ಬಹುತೇಕ ಖಚಿತ. ಒಂದು, ಎರಡನೇ ತಲೆಮಾರಿನ ವರ್ಚುವಲ್ ಯಂತ್ರದಲ್ಲಿ (ಯಂತ್ರದೊಳಗಿನ ಯಂತ್ರ) ಗುರುತಿಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ವಿಂಡೋಸ್‌ನ ಮಾದರಿಯಲ್ಲಿರುತ್ತದೆ. ಹಾಗೇ ಬಿಟ್ಟರೆ ಉಬುಂಟು ಏಳುವುದಿಲ್ಲ. ಸೆಕ್ಯುರಿಟಿ ಪುಟದಲ್ಲಿ 'ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿ' ಎಂಬ ಮಾದರಿಗೆ ಬದಲಿಸಬೇಕು. ಎರಡನೆಯದು ನೆಟ್‌ವರ್ಕು. ತಾನಾಗಿ ಸಿಗುವ 'ಡೀಫಾಲ್ಟ್ ಸ್ವಿಚ್' ಒಳಗಿನ ಯಂತ್ರಕ್ಕೆ ಇಂಟರ್ನೆಟ್ ಕೊಡುತ್ತದೆ, ಆದರೆ ಮನೆಯ ಬೇರೆ ಲ್ಯಾಪ್‌ಟಾಪುಗಳು ಅದನ್ನು ಕಾಣಲಾರವು. ರಿಸ್ಟಾರ್ಟ್ ಆದಾಗ ವಿಳಾಸವೂ ಬದಲಾಗುತ್ತದೆ. 'ಎಕ್ಸ್‌ಟರ್ನಲ್' ಸ್ವಿಚ್ ಮಾಡಿ ಕೇಬಲ್ ಹಾಕಿದ ಕಾರ್ಡಿಗೆ ಕಟ್ಟಿದರೆ ರೂಟರ್ ಅದಕ್ಕೂ ಮನೆಯ ವಿಳಾಸ ಕೊಡುತ್ತದೆ. ಎರಡೂ ಯಂತ್ರಗಳ ವಿಳಾಸವನ್ನು ರೂಟರಿನಲ್ಲಿ ಕಾಯ್ದಿರಿಸಿ, ಇಲ್ಲವಾದರೆ ಕರೆಂಟು ಹೋಗಿ ಬಂದ ದಿನ "ಸಿಗ್ತಾ ಇಲ್ಲ" ಎಂಬ ಫೋನು ಬರುತ್ತದೆ.

ಲಿನಕ್ಸ್ ಕಡೆ ಕಂಡದ್ದು

ಇಲ್ಲಿಯ ತೊಂದರೆಗಳೂ ತೊಂದರೆಗಳೇ, ಆದರೆ ಕಾರಣ ಬರೆದಿಟ್ಟಿರುತ್ತದೆ. ವಾರ್ ಫೋಲ್ಡರಿನ ಲಾಗ್ (/var/log) ಒಳಗೆ ಎಕ್ಸ್‌ಆರ್‌ಡಿಪಿ ಮತ್ತು ಎಕ್ಸ್‌ಆರ್‌ಡಿಪಿ ಸೆಸ್‌ಮ್ಯಾನ್ ಎಂಬ ಎರಡು ಫೈಲುಗಳಿವೆ. ಮೊದಲನೆಯದು ಬಾಗಿಲ ಕಥೆ ಹೇಳುತ್ತದೆ, ಎರಡನೆಯದು ಒಳಗಿನ ಸೆಷನ್ನಿನದ್ದು.

ಮೊದಲ ದಿನವೇ ಮಗಳು ಕೆಳಗಿಂದ ಕೂಗಿದಳು. "ಮಾವಾ, ಪಾಸ್ವರ್ಡ್ ಕೊಟ್ಟ ಕೂಡ್ಲೆ ಕಪ್ಪು ಪರದೆ, ಆಮೇಲೆ ಕಿಟಕಿನೇ ಮುಚ್ಚಿ ಹೋಗ್ತು." ಬಾಗಿಲ ಲಾಗಿನಲ್ಲಿ ಲಾಗಿನ್ ಯಶಸ್ವಿ, ಸೆಷನ್ ಲಾಗಿನಲ್ಲಿ ಶುರುವಾದ ಕ್ಷಣದಲ್ಲೇ ಮುಗಿತಾಯ. ಇಷ್ಟು ಕಂಡರೆ ಮೊದಲ ಅನುಮಾನ ಅದೇ ಹೆಸರಿನ ಮೇಲೆ: ಆ ಹೆಸರಿನವರು ಯಂತ್ರದ ಮುಖ್ಯ ಪರದೆಯಲ್ಲೂ ಲಾಗಿನ್ ಆಗಿರುತ್ತಾರೆ. ನಾನೇ ಹೈಪರ್‌ವಿ ಕಿಟಕಿಯಲ್ಲಿ ಅವಳ ಹೆಸರಿನಲ್ಲಿ ಎಲ್ಲ ಜೋಡಿಸುತ್ತಿದ್ದೆ. ಅಲ್ಲಿ ಲಾಗೌಟ್ ಆದೆ, ಅವಳಿಗೆ ಬಂತು. ಮೂವರಿಗೂ ಬೇರೆ ಖಾತೆ, ಆಡಳಿತಕ್ಕೆ ನಾಲ್ಕನೆಯದು ಎಂದು ಅವತ್ತೇ ನಿಯಮ ಮಾಡಿದೆ. ಆಮೇಲೂ ಕಪ್ಪು ಪರದೆ ಉಳಿದರೆ ಬಳಕೆದಾರರ ಮನೆಯ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಎಕ್ಸ್‌ಸೆಷನ್ ಎಂಬ ಫೈಲು ಇದೆಯೇ, ಅದರಲ್ಲಿ ಎಕ್ಸ್‌ಎಫ್‌ಸಿಇ ಶುರು ಮಾಡುವ ಸಾಲು ಇದೆಯೇ ನೋಡಿ.

ಬಾಗಿಲ ಲಾಗಿನಲ್ಲಿ ಖಾಸಗಿ ಕೀಲಿಯನ್ನು ಓದಲು ಅನುಮತಿ ಇಲ್ಲ ಎಂಬ ಸಾಲು ಕಂಡರೆ ಎಕ್ಸ್‌ಆರ್‌ಡಿಪಿ ಎಂಬ ಬಳಕೆದಾರನನ್ನು ಎಸ್‌ಎಸ್‌ಎಲ್ ಸರ್ಟ್ ಗುಂಪಿಗೆ ಸೇರಿಸಿ ಸೇವೆಯನ್ನು ಮತ್ತೆ ಎಬ್ಬಿಸಬೇಕು. ಉಬುಂಟುವಿನ ಸ್ವಂತ ಡೆಸ್ಕ್‌ಟಾಪ್ ಹಂಚಿಕೆ ಆನ್ ಇದ್ದರೆ ಅದೂ 3389ನ್ನೇ ಕೇಳುತ್ತದೆ. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರು ಆಗದು, ಅದನ್ನು ಆಫ್ ಮಾಡಿ.

ಕನ್ನಡ ಟೈಪಿಂಗಿಗೆ ಸ್ವಲ್ಪ ಹೊತ್ತು ಹಿಡಿಯಿತು. ಭಾವ ಬರೆಯುವುದು ಕನ್ನಡದಲ್ಲೇ: ಕೊಳೆ ಔಷಧಿ, ಕೊನೆ ಕೊಯ್ಲಿನ ಕೂಲಿ, ಸುಲಿದ ಕಿಲೋ, ಟೆಂಡರಿನ ದರ. ನುಡಿಯಲ್ಲಿ ಕೈ ಕೂತವರು, ಬೇರೆ ವಿನ್ಯಾಸ ಅವರಿಗೆ ಆಗದು. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ಬಳಸುವ ಐಬಸ್‌ನ ಎಂ17ಎನ್ ಕಟ್ಟಿನಲ್ಲಿ ಕನ್ನಡದ ಕೆಜಿಪಿ ವಿನ್ಯಾಸ ಇದೆ, ನುಡಿಯವರಿಗೆ ಅದು ಸರಿ ಹೊಂದುತ್ತದೆ. ಮುಖ್ಯ ಪರದೆಯಲ್ಲಿ ಅದು ಬರುತ್ತಿತ್ತು, ರಿಮೋಟ್ ಸೆಷನ್ನಿನಲ್ಲಿ ಮಾತ್ರ ಇಂಗ್ಲಿಷೇ ಬೀಳುತ್ತಿತ್ತು. ಐಬಸ್ ಆ ಸೆಷನ್ನಿನಲ್ಲಿ ಶುರುವೇ ಆಗಿರಲಿಲ್ಲ. ಅದೇ ಎಕ್ಸ್‌ಸೆಷನ್ ಫೈಲಿನಲ್ಲಿ ಎಕ್ಸ್‌ಎಫ್‌ಸಿಇ ಸಾಲಿನ ಮೇಲೆ ಐಬಸ್ ಎಬ್ಬಿಸುವ ಸಾಲು, ಅದಕ್ಕೆ ಬೇಕಾದ ಮೂರು ಪರಿಸರ ಚರಗಳನ್ನು (ಟೈಪಿಂಗಿಗೆ ಐಬಸ್ ಬಳಸಿ ಎಂದು ಹೇಳುವ ಸೆಟ್ಟಿಂಗುಗಳು) ಸೇರಿಸಿದೆ. ಭಾವ 'ಚಾಲಿ' ಎಂದು ಬರೆದು ನೋಡಿ ತಲೆ ಆಡಿಸಿದರು.

ಕಿಟಕಿ ಮುಚ್ಚಿದರೆ ಇಲ್ಲಿಯೂ ಸೆಷನ್ ಬದುಕಿರುತ್ತದೆ. ಸೆಸ್‌ಮ್ಯಾನ್ ಸೆಟ್ಟಿಂಗಿನಲ್ಲಿ ಕಡಿದ ಸೆಷನ್ನನ್ನು ಕೊಲ್ಲುವ ಆಯ್ಕೆ ಇದೆ, ತಾನಾಗಿ ಅದು ಆಫ್ ಇರುತ್ತದೆ. ಹಾಗೇ ಬಿಟ್ಟಿದ್ದೇನೆ, ಮಗಳ ಲೆಕ್ಕ ರಾತ್ರಿಯಿಡೀ ಓಡಬೇಕಾಗುತ್ತದೆ. ಆದರೆ ಅದೇ ಹೆಸರಿನಲ್ಲಿ ಬೇರೆ ಬಣ್ಣದ ಆಳ (ಕಲರ್ ಡೆಪ್ತ್) ಆರಿಸಿಕೊಂಡು ಬಂದರೆ ಹಳೆಯದು ಸಿಗದೇ ಹೊಸ ಸೆಷನ್ ತೆರೆದುಕೊಳ್ಳುತ್ತದೆ. "ನನ್ನ ಕೆಲಸ ಕಾಣ್ತಾ ಇಲ್ಲ" ಎಂದಾಗ ಎರಡೂ ಲ್ಯಾಪ್‌ಟಾಪಿನ ಆ ಸೆಟ್ಟಿಂಗನ್ನು ಹೋಲಿಸಿ ನೋಡಿ.

ಮಳೆ, ಮಿಂಚು, ಉಪ್ಪುಗಾಳಿ

ಸಾಫ್ಟ್‌ವೇರ್ ಸರಿಯಾದ ಮೇಲೂ ಘಟ್ಟದ ಮೇಲಿನ ಮಳೆಗಾಲ ತನ್ನ ಪಾಲು ಕೇಳುತ್ತದೆ. ಮರದ ಟೊಂಗೆ ಬಿದ್ದರೆ ಕರೆಂಟು ಹೋಯಿತು. ಯಂತ್ರಕ್ಕೂ ಫೈಬರ್ ಪೆಟ್ಟಿಗೆಗೂ ರೂಟರಿಗೂ ಒಂದೇ ಯುಪಿಎಸ್ ಕೊಡಿ. ಯಂತ್ರ ಉಳಿದು ರೂಟರ್ ಆರಿದರೆ ಕೆಳಗಿದ್ದವರಿಗೆ ಅದೂ ಪರದೆ ಹೋದಂತೆಯೇ. ಕರೆಂಟು ಬಂದಾಗ ಯಂತ್ರ ತಾನಾಗಿ ಏಳುವ ಆಯ್ಕೆ ಬಯಾಸ್‌ನಲ್ಲಿದೆ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗು), ಒಳಗಿನ ಯಂತ್ರ ತಾನಾಗಿ ಏಳುವ ಆಯ್ಕೆ ಹೈಪರ್‌ವಿಯಲ್ಲಿದೆ, ಎರಡನ್ನೂ ಹಾಕಿದೆ. ಸ್ಲೀಪ್ ಪೂರಾ ಆಫ್. ಸ್ಲೀಪಿನಲ್ಲಿರುವ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಷ್ಟು ಬಡಿದರೂ ಬಾಗಿಲು ತೆರೆಯದು. ಗುಡುಗು ಶುರುವಾದರೆ ಪ್ಲಗ್ ಕೀಳುವ ಅಭ್ಯಾಸವನ್ನು ಬಿಡಬೇಡಿ. ಗಾಜಿನ ತಂತಿ ಮಿಂಚನ್ನು ತರುವುದಿಲ್ಲ, ಕರೆಂಟಿನ ತಂತಿ ತರುತ್ತದೆ.

ಕರಾವಳಿಯಲ್ಲಿ ಇನ್ನೊಂದು ಬಗೆ. ಕಾರವಾರದಲ್ಲಿ ಕಡಲಿಗೆ ಹತ್ತಿರದ ಸ್ನೇಹಿತರ ಮನೆಯಲ್ಲಿ ಇದೇ ದೂರು ಬಂದಿತ್ತು, ಒಬ್ಬರೇ ಇದ್ದರೂ ಐದು ನಿಮಿಷಕ್ಕೊಮ್ಮೆ ಪರದೆ ಹೆಪ್ಪುಗಟ್ಟುತ್ತದೆ ಎಂದು. ಲಾಗಿನಲ್ಲಿ 5ರ ಕಾರಣ ಎಲ್ಲೂ ಇಲ್ಲ, ಅಂದರೆ ಯಾರೂ ತಳ್ಳುತ್ತಿಲ್ಲ. ಅದೇ ಕೋಣೆಯ ರೂಟರಿಗೆ ಪಿಂಗ್ ಮಾಡಿದರೂ, ಅಂದರೆ ಇದ್ದೀಯಾ ಎಂದು ಕೇಳಿದರೂ, ನಡುನಡುವೆ ಉತ್ತರ ತಪ್ಪುತ್ತಿತ್ತು. ಕೇಬಲಿನ ತುದಿ ಕಿತ್ತು ನೋಡಿದೆ: ಉಪ್ಪುಗಾಳಿಗೆ ಹಸಿರು ಹಿಡಿದಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದ ಮೇಲೆ ತೊಂದರೆ ಹೋಯಿತು.

ಕಾರವಾರದಿಂದ ಮನೆಗೆ

ರಜೆ ಮುಗಿದು ಮಗಳು ಹೊರಟಳು, ಅಲ್ಲಿಂದಲೂ ಮನೆಯ ಯಂತ್ರ ಬೇಕು ಎಂದಳು. ರೂಟರಿನಲ್ಲಿ 3389ನ್ನು ಹೊರಗೆ ತೆರೆದುಬಿಡುವುದು ಸುಲಭದ ದಾರಿ, ನಾನು ಅದನ್ನು ಎಲ್ಲೂ ಮಾಡುವುದಿಲ್ಲ. ತೆರೆದ 3389ಕ್ಕೆ ಪಾಸ್‌ವರ್ಡ್ ಊಹಿಸಿ ನುಗ್ಗುವ ಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಅಲ್ಲಿಂದ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವವರಿದ್ದಾರೆ. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ವಿಂಡೋಸ್ 7ರಂಥ ಹಳೆಯ ಯಂತ್ರಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಾಗಿಲಿಂದಲೇ ಒಳಗೆ ಬರಬಹುದಿತ್ತು.

ಇನ್ನು ಬಹಳಷ್ಟು ಮನೆಗಳಲ್ಲಿ ತೆರೆಯಲೂ ಬಾರದು. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರ ಒಳಗಿದ್ದರೆ ನಿಮ್ಮದು ಹಲವು ಮನೆಗಳು ಹಂಚಿಕೊಂಡ ವಿಳಾಸ. ಆಗ ಪೋರ್ಟ್ ಫಾರ್ವರ್ಡ್ (ರೂಟರಿಗೆ ಬಂದವರನ್ನು ಒಳಗಿನ ಯಂತ್ರಕ್ಕೆ ಕಳಿಸುವ ನಿಯಮ) ಎಷ್ಟು ಸರಿ ಬರೆದರೂ ಹೊರಗಿನಿಂದ ಯಾರೂ ಬಂದು ಮುಟ್ಟಲಾರರು. ಅಕ್ಕನ ಮನೆಯದೂ ಹಾಗೆಯೇ. ಒಳಗಿನಿಂದಲೇ ಹೊರಗೆ ಕೈ ಚಾಚುವ ಬಗೆಯ ವಿಪಿಎನ್ (ಯಂತ್ರಗಳ ನಡುವಿನ ಖಾಸಗಿ ದಾರಿ) ಒಂದನ್ನು ಉಬುಂಟುವಿನಲ್ಲೂ ಅವಳ ಲ್ಯಾಪ್‌ಟಾಪಿನಲ್ಲೂ ಹಾಕಿದೆ. ಇಂಥವು ವೈರ್‌ಗಾರ್ಡ್ ಎಂಬ ತಂತ್ರದ ಮೇಲೆ ಕಟ್ಟಿದವು ಸಿಗುತ್ತವೆ, ಹಂಚಿಕೊಂಡ ವಿಳಾಸ ಅವಕ್ಕೆ ಅಡ್ಡಿಯಾಗುವುದಿಲ್ಲ.

ಕಾರವಾರ ಮುಟ್ಟಿದ ಸಂಜೆ ಅವಳು ಒಳಗೆ ಬಂದಳು. ಭಾವ ಆಗಲೇ ಲೆಕ್ಕಕ್ಕೆ ಕೂತಿದ್ದರು, ಅಕ್ಕ ಪುಟದಲ್ಲಿದ್ದಳು. ನಾನು ಪೇಟೆಯಿಂದ ಫೋನು ಮಾಡಿ ಅಕ್ಕನ ಹತ್ತಿರ ಕೇಳಿದೆ, ಪರದೆ ಇದ್ದಾ? "ಇದ್ದು ತಮಾ, ಕೂಸೂ ಒಳಗೇ ಇದ್ದು" ಎಂದಳು.